ಹಿಂದಿನ ಗೋಡೆಯ ಮಾತು

ಸವಣೂರಿನ ಆ ವಾಡೆಯ ಬಾಗಿಲಿಗೆ ‘ಮಾರಾಟಕ್ಕಿದೆ, ಅಂಗಡಿ-ಹೋಟೆಲಿಗೆ ಯೋಗ್ಯ’ ಎಂಬ ಬೋರ್ಡು ತೂಗುಹಾಕಿದ ದಿನ ನಾನು ಅಳಬೇಕಿತ್ತು. ಅಳಲಿಲ್ಲ. ನವಾಬರ ಕಾಲದ ಆ ದೊಡ್ಡ ಮನೆಯ ಮುಂದಿನ ಎರಡು ಕೋಣೆಗಳಲ್ಲಿ ನಾನು ಬಾಡಿಗೆಗಿದ್ದೆ. ತಿಳವಳ್ಳಿಯಿಂದ ಶಾಲೆಯ ನೌಕರಿಗೆ ಬಂದವಳು, ನಿವೃತ್ತಿಯಾದ ಮೇಲೂ ಅಲ್ಲೇ ಉಳಿದೆ. ಮದುವೆಯಾಗಿರಲಿಲ್ಲ, ತಿರುಗಿ ಹೋಗಲು ಊರಿನಲ್ಲಿ ನನ್ನವರು ಅಂತ ಯಾರೂ ಇರಲಿಲ್ಲ. ಪುಣೆ ಸೇರಿದ್ದ ಮನೆಯೊಡತಿ ಫೋನು ಮಾಡಿ ಕೇಳಿಕೊಂಡರು: “ಅಕ್ಕೋರ, ಚಾವಿ ನಿಮ್ಮ ಕಡೇನ ಇರ್ಲಿ. ಬಂದವ್ರಿಗೆ ಒಂದೀಟ ಬಾಗಲಾ ತಗದ ತೋರಸ್ರಿ. ತ್ರಾಸ ಆದ್ರ ಹೇಳ್ರಿ.”

ತ್ರಾಸವೇ? ಶಾಲೆ ಬಿಟ್ಟ ಮೇಲೆ ನನ್ನ ಬಾಗಿಲು ತಟ್ಟುತ್ತಿದ್ದವನು ಗ್ಯಾಸಿನವನೊಬ್ಬನೇ. ಈಗ ಮಂದಿ ಬರತೊಡಗಿದರು. ಶಿಗ್ಗಾವಿಯ ಅಣ್ಣತಮ್ಮಂದಿರಿಗೆ ಮದುವೆ ಹಾಲ್ ಬೇಕಿತ್ತು, ಹಾವೇರಿಯವರೊಬ್ಬರಿಗೆ ಬಟ್ಟೆ ಅಂಗಡಿ. ಬಂದವರ ಚಹಾಕ್ಕೆಂದು ನಾನು ಅಟ್ಟದಿಂದ ಹೊಸ ಕಪ್ಪು-ಬಸಿ ಇಳಿಸಿದೆ. ಮೊದಲು ದಿವಾನಖಾನೆಯ ಕಂಬಗಳು, ಆಮೇಲೆ ಹೆಂಗಸರು ಕೂತು ವೀಳ್ಯದೆಲೆ ಆರಿಸುತ್ತಿದ್ದ ಒಳ ಅಂಗಳ, ಆಮೇಲೆ ಬಾವಿ ತೋರಿಸುತ್ತಿದ್ದೆ. ಪಾಠ ಹೇಳುವ ಚಟ ಸುಮ್ಮನೆ ಬಿಡುತ್ತದೆಯೇ? ಒಂದು ತಾಸು ತಗೊಳ್ಳುತ್ತಿದ್ದೆ. ಅವರು ತಲೆದೂಗಿ ಕೇಳುತ್ತಿದ್ದರು.

ಎಲ್ಲ ಮುಗಿದು, ಅವರಿಗೆ ಮನೆ ಮನಸ್ಸಿಗೆ ಬಂದಿದೆ ಅನ್ನುವಾಗ ಮೆಲ್ಲಗೆ ಹೇಳುತ್ತಿದ್ದೆ, “ಹಿಂದಿನ ಗ್ವಾಡಿ ಮಾತ್ರ ಒಂದ ಸರ್ತಿ ನೋಡ್ಕೊಳ್ರಿ. ಮಳಿಗಾಲದಾಗ ನೀರ ಜಿನಗತೈತಿ, ಅರ್ಧ ಬಿರುಕ ಬಿಟ್ಟೈತಿ.” ಸುಳ್ಳಲ್ಲ, ನಿಜವೇ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುತ್ತಾರೆ. ನಾನು ಒಂದೇ ನಿಜ ಹೇಳಿ ಮದುವೆ ಮುರಿಯುತ್ತಿದ್ದೆ. ಮನೆ ಮಾರಿಹೋದರೆ ನೋಡಲು ಬರುವವರೂ ನಿಂತುಹೋಗುತ್ತಾರಲ್ಲ. ನನಗೆ ಅವರು ಬೇಕಾಗಿತ್ತು.

ಮೊದಲ ಸಲ ಅವಸರದಲ್ಲಿ ಮುಂದಿನ ಭಾಗವಷ್ಟೇ ನೋಡಿ ಹೋಗಿದ್ದ ಹಿರೇಕೆರೂರಿನ ಗೋವಿನಜೋಳದ ವ್ಯಾಪಾರಿಯೊಬ್ಬರು ಎರಡನೇ ಸಲ ಹೆಂಡತಿಯನ್ನು ಕರೆದುಕೊಂಡು ಬಂದರು. ಆಕೆ ಮನೆ ನೋಡುವುದು ಬಿಟ್ಟು ನನ್ನ ಅಡುಗೆಮನೆಗೆ ಬಂದು ಕೂತಳು. ನನ್ನ ಸ್ಟೋವು, ಒಂದೇ ತಾಟು, ಒಂದೇ ಚಾಪೆ ನೋಡಿ, “ಅಕ್ಕೋರ, ಒಬ್ಬಾಕಿನ ಇರ್ತೀರೇನ್ರಿ? ಬ್ಯಾಸರಾ ಆಗಂಗಿಲ್ಲ?” ಅಂದಳು. ಅಷ್ಟು ವರ್ಷದಲ್ಲಿ ಹಾಗೆ ಯಾರೂ ಕೇಳಿರಲಿಲ್ಲ. ನಾನು ಸ್ಟೋವಿನ ಕಡೆ ತಿರುಗಿ ಹಿಂದಿನ ಗೋಡೆಯ ಮಾತು ಹೇಳಿಬಿಟ್ಟೆ. ಅವರೂ ತಿರುಗಿ ಬರಲಿಲ್ಲ. ಉಳಿದವರ ಮುಖ ಮರೆತಿದ್ದೇನೆ, ಆಕೆಯದು ಮರೆತಿಲ್ಲ.

ಕೊನೆಗೆ ಬಂದವರು ಇಬ್ಬರು. ಟೇಪು ಹಿಡಿದು ರಸ್ತೆಗೆ ಹೊಂದಿಕೊಂಡ ಜಾಗವನ್ನು ಈ ಮೂಲೆಯಿಂದ ಆ ಮೂಲೆಗೆ ಅಳೆದರು. ನಾನು ಚಾವಿ ಹಿಡಿದು ಹೊಸ್ತಿಲಲ್ಲಿ ನಿಂತಿದ್ದೆ.

“ಒಳಗ ಬರ್ರಿ, ತೋರಸ್ತೇನಿ.”

“ಬ್ಯಾಡ್ರಿ ಅಕ್ಕೋರ. ಕೆಡವೋದ ಐತಿ. ರೋಡಿನ ಮಗ್ಗಲಕ ಎಷ್ಟ ಜಾಗಾ ಬರ್ತೈತಿ ಅಷ್ಟ ನೋಡೋದಿತ್ತು.”

“ಹಿಂದಿನ ಗ್ವಾಡಿ ಬಿರುಕ ಬಿಟ್ಟೈತ್ರಿ.”

“ಇರ್ಲಿ ಬಿಡ್ರಿ,” ಟೇಪು ಹಿಡಿದವನು ಅದನ್ನು ಸುತ್ತುತ್ತ ನಕ್ಕ. “ಕೆಡವಾಕ ಹಗೂರ ಆಕ್ಕೈತಿ.”

“ಚಾ ಮಾಡೇನಿ. ಕುಡದ ಹೋಗ್ರಿ.” ಇದನ್ನು ನಾನು ಎರಡು ಸಲ ಹೇಳಿದೆ. ಎರಡನೇ ಸಲ ನನ್ನ ದನಿ ನನಗೇ ನಾಚಿಕೆಯಾಗುವಂತಿತ್ತು. ಅವರು ಇನ್ನೊಮ್ಮೆ ಬರುತ್ತೇವೆ ಎಂದು ಗಾಡಿ ಹತ್ತಿದರು.

ಎಂಟು ದಿನಕ್ಕೆ ವ್ಯವಹಾರ ಮುಗಿಯಿತು. ಕೋಣೆ ಬಿಡಲು ನನಗೆ ಎರಡು ತಿಂಗಳು ಕೊಟ್ಟರು. ಮನೆಯೊಡತಿ ಫೋನಿನಲ್ಲಿ ಬಹಳ ಖುಷಿಯಲ್ಲಿದ್ದರು.

“ನಿಮ್ಮ ಉಪಕಾರ ದೊಡ್ಡದ್ರಿ. ದಿನಾ ಯಾರ್ಯಾರೋ ಬಂದ ನಿಮಗ ತ್ರಾಸ ಕೊಟ್ರು. ಇನ್ನ ಆರಾಮ ಇರ್ರಿ ಅಕ್ಕೋರ, ಯಾರೂ ಬರಂಗಿಲ್ಲ.”

“ಹೂನ್ರಿ,” ಅಂದೆ.