ಕಡೆಗೆ ಬಂದವರಿಗೆ ಚಪ್ಪಾಳೆ

ನಾನು ಆರನೆಯ ಇಯತ್ತೆಯಲ್ಲಿದ್ದಾಗ ವಾಕಡದಲ್ಲಿ ಎಲ್ಲವೂ ಅರ್ಧಮರ್ಧ. ಕಟ್ಟಡಗಳು ಅರ್ಧ, ರಸ್ತೆ ಅರ್ಧ, ನಮ್ಮ ಸೊಸೈಟಿಯ ಕಂಪೌಂಡಿಗೆ ಬಣ್ಣವೂ ಅರ್ಧ. ನಡುನಡುವೆ ಇನ್ನೂ ಜೋಳದ ಹೊಲಗಳು ಉಳಿದಿದ್ದವು. ಬೆಳಗಿನ ಜಾವ ಕಿಟಕಿ ತೆರೆದರೆ ಸಿಮೆಂಟಿನ ಧೂಳಿನ ಜೊತೆ ಹಸಿ ದಂಟಿನ ವಾಸನೆಯೂ ಒಳಗೆ ಬರುತ್ತಿತ್ತು. ಪುಣೆಯ ಈ ಅಂಚಿನಲ್ಲಿ ಆ ವರ್ಷಗಳಲ್ಲಿ ಬೆಳೆದವರು ಆ ವಾಸನೆಯನ್ನು ಮರೆತಿರಲಾರರು. ಅಂಥದೊಂದು ಚಳಿಗಾಲದಲ್ಲಿ ಅಪ್ಪ ಸೈಕಲ್ ತಂದ. ಆ ಚಳಿಗಾಲದಲ್ಲಿ ನನಗೆ ತಿಳಿದದ್ದಕ್ಕಿಂತ ತಿಳಿಯದೆ ಹೋದದ್ದೇ ಹೆಚ್ಚು.

ಮೊದಲನೆಯದಾಗಿ, ಅಪ್ಪನಿಗೆ ಸೈಕಲ್ ಯಾಕೆ ಬೇಕು? ಧಾರವಾಡದಲ್ಲಿ ಕಾಲೇಜು ಮುಗಿಯುವವರೆಗೂ ಸೈಕಲ್ ತುಳಿದು ತುಳಿದು ಸಾಕಾಗಿ, ನೌಕರಿ ಸಿಕ್ಕ ವರ್ಷವೇ ಸ್ಕೂಟರ್ ಕೊಂಡ ಮನುಷ್ಯ. ಈಗ ರಾಂಜಣಗಾಂವದ ಪಂಪಿನ ಕಾರ್ಖಾನೆಗೆ ಕಂಪನಿ ಬಸ್ಸಿನಲ್ಲಿ ಹೋಗಿ, ಬಸ್ಸಿನಲ್ಲೇ ನಿದ್ದೆ ಮಾಡಿ ಬರುವವನು. ಡಾಕ್ಟರು ರಕ್ತ ನೋಡಿ ಸಕ್ಕರೆ ಅಂಚಿಗೆ ಬಂದಿದೆ, ಮೈ ಬಗ್ಗಿಸಿ ಏನಾದರೂ ಮಾಡಿ ಎಂದಿದ್ದರಂತೆ. ಸೈಕಲ್ ಮನೆಗೆ ಬಂದ ದಿನ ಅವ್ವ ಅದನ್ನು ಎರಡು ಸಲ ಸುತ್ತಿ ನೋಡಿದಳು.

"ಅಲ್ರೀ, ಸ್ಟ್ಯಾಂಡಿಲ್ಲ, ಕ್ಯಾರಿಯರಿಲ್ಲ, ಮಡ್‌ಗಾರ್ಡಿಲ್ಲ. ಅಂಗಡಿಯವಾ ಪೂರ್ತಿ ಕೊಟ್ಟಾನೋ ಇಲ್ಲೋ ನೋಡಿದ್ರೇನು?"

"ಈಗಿನ ಸೈಕಲ್ ಹಿಂಗs ಇರ್ತಾವ."

"ಮತ್ತ ಇದರ ಮ್ಯಾಲ ಎಲ್ಲಿಗೆ ಹೋಗ್ತೀರಿ?"

"ಎಲ್ಲಿಗೂ ಇಲ್ಲ. ಹೋಗೂದು, ಹೊಳ್ಳಿ ಬರೂದು."

ಇನ್ನೊಂದು ಗೊಂದಲ ಶೇಂಗಾ ಉಂಡಿಯದು. ಸಕ್ಕರೆ ಕಡಿಮೆಯಾಗಲೆಂದು ಹೊರಟ ಅಪ್ಪನ ಜೇಬಿಗೆ ಅವ್ವನೇ ಎರಡು ಬೆಲ್ಲದ ಉಂಡಿ ತುರುಕುತ್ತಿದ್ದಳು, ಚಕ್ಕರ್ ಬಂದು ಬಿದ್ದಾರೆಂದು. ಹಾಗಾದರೆ ತಿನ್ನಬೇಕೋ ಬಿಡಬೇಕೋ ಎಂದು ನಾನು ಕೇಳಿದರೆ ಇಬ್ಬರೂ "ನೀ ಸುಮ್ಮನಿರು" ಅನ್ನುತ್ತಿದ್ದರು. ಉಂಡಿ ಎರಡಿದ್ದುದರಿಂದ ಒಂದು ನನಗೇ ಬರುತ್ತಿತ್ತು, ನಾನೂ ಸುಮ್ಮನಿರುತ್ತಿದ್ದೆ.

ನನಗೆ ಹುಟ್ಟುಹಬ್ಬದ ಸೈಕಲ್ ಇತ್ತು. ಅಪ್ಪ ಒಬ್ಬನೇ ಹೋಗಲು ನಾಚಿ ನನ್ನನ್ನೂ ಎಬ್ಬಿಸುತ್ತಿದ್ದ. ಹೆದ್ದಾರಿ ದಾಟುವ ಬ್ರಿಜ್ಜಿನ ಏರು ನಮ್ಮ ಪರೀಕ್ಷೆ. ಮೊದಲ ದಿನ ಅಪ್ಪ ಗೇರನ್ನು ಉಲ್ಟಾ ತಿರುಗಿಸಿ, ಪೆಡಲ್ಲು ಗಿರಗಿರ ಸುತ್ತಿದರೂ ಸೈಕಲ್ ಮುಂದೆ ಹೋಗದೆ, ಅರ್ಧಕ್ಕೇ ಇಳಿದುಬಿಟ್ಟ. ನಾನು ಮೇಲಿನಿಂದ ಕೂಗಿದೆ, "ಯಾಕಪಾ, ಉಸುರು ಹತ್ತಿತೇನು?"

"ಛೇ ಛೇ. ಇಲ್ಲಿಂದ ಡೋಂಗರ ಭಾಳ ಛಂದ ಕಾಣತಾವ ವೈಶೂ, ಅದಕ್ಕ ನಿಂತೆ."

ಅಲ್ಲಿಂದ ಗುಡ್ಡವೇನೂ ಕಾಣುತ್ತಿರಲಿಲ್ಲ. ಎರಡು ಬೆಡ್‌ರೂಮಿನ ಫ್ಲ್ಯಾಟಿನ ಜಾಹೀರಾತಿನ ಹಲಗೆ ಕಾಣುತ್ತಿತ್ತು. ಆದರೆ ಅಪ್ಪ ಬಿಡಲಿಲ್ಲ. ಎರಡನೆಯ ವಾರ ಮುಕ್ಕಾಲು ಏರಿದ, ನಾಲ್ಕನೆಯ ವಾರ ಪೂರ್ತಿ ಏರಿ, ನೆತ್ತಿಯಲ್ಲಿ ಕಂಬಿ ಹಿಡಿದು ನಿಂತು, ಏದುಸಿರು ಬಿಡುತ್ತಲೇ ನಕ್ಕ. ಕಾರ್ಖಾನೆಯಿಂದ ಬಂದು ಟಿವಿ ಮುಂದೆ ಕೂರುವ ಅಪ್ಪನಿಗೆ ಇಂಥ ನಗು ಬರುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ನನಗೆ ಭಾಳ ಖುಷಿಯಾಯಿತು. ಇನ್ನು ಪ್ರತಿ ಭಾನುವಾರ ಹೀಗೇ ಎಂದುಕೊಂಡೆ.

ಬ್ರಿಜ್ಜು ಏರಿದ ಹುರುಪಿನಲ್ಲಿ ಅಪ್ಪ ಸೊಸೈಟಿಯ ಸೈಕಲ್ ಗುಂಪಿಗೆ ಹೆಸರು ಕೊಟ್ಟ. ಗುಂಪಿನ ಮುಖಂಡ ಶಿರೀಷ ಕಾಕಾ, ನಿವೃತ್ತ ಬ್ಯಾಂಕಿನವರು, ಬಿಗಿ ಚಡ್ಡಿಯಲ್ಲಿ ಅವರನ್ನು ನೋಡಲು ನನಗೇ ಸಂಕೋಚವಾಗುತ್ತಿತ್ತು. ಮುಂದಿನ ಭಾನುವಾರ ಹೊಸಬರನ್ನು ಸೇರಿಸಿಕೊಂಡು ಪಾಷಾಣದ ಕೆರೆಯವರೆಗೆ ಹೋಗುವುದಿತ್ತು. ಗೇಟಿನಲ್ಲಿ ನಿಂತು ಕಾಕಾ ಅರ್ಧ ಮರಾಠಿ ಅರ್ಧ ಹಿಂದಿಯಲ್ಲಿ ನಿಯಮ ಹೇಳಿದರು. ಬೆರಳು ಕೆಳಗೆ ತೋರಿಸಿದರೆ ಗುಂಡಿ, ಮುಷ್ಟಿ ಮೇಲೆತ್ತಿದರೆ ನಿಲ್ಲು, ಕೈ ಬೆನ್ನ ಹಿಂದೆ ಬೀಸಿದರೆ ಪಕ್ಕಕ್ಕೆ ಸರಿ. ಮಕ್ಕಳು ಮುಂದೆ, ಕಾಕಾನ ಹಿಂದೆಯೇ. ಎಲ್ಲರಿಗಿಂತ ಹಿಂದೆ ಒಬ್ಬ ಗಟ್ಟಿ ಸವಾರ, ಅವನಿಗೆ ಸ್ವೀಪ್ ಎನ್ನುತ್ತಾರೆ. ಯಾರು ಎಷ್ಟೇ ನಿಧಾನವಿರಲಿ, ಅವನು ಅವರನ್ನು ದಾಟಿ ಹೋಗುವ ಹಾಗಿಲ್ಲ. ಅಂದಿನ ಸ್ವೀಪ್ ಪ್ರದೀಪ, ಹಿಂಜವಡಿಯಲ್ಲಿ ಕೆಲಸ ಮಾಡುವ ಮೈಸೂರಿನ ಹುಡುಗ. ಅವನು ಕನ್ನಡದವನೆಂದು ಆಗ ನಮಗೆ ಗೊತ್ತಿರಲಿಲ್ಲ.

ಅಪ್ಪ ಹಿಂದಿನ ಸಾಲಿನಲ್ಲಿದ್ದುದರಿಂದ ಈ ಕೊನೆಯ ನಿಯಮ ಅವನ ಕಿವಿಗೆ ಬಿದ್ದಿರಲಿಲ್ಲ. ಮುಂದೆ ನಡೆದದ್ದನ್ನು ಪ್ರದೀಪಣ್ಣ ಆಮೇಲೆ ನನಗೆ ಹೇಳಿದ. ಬಾಣೇರ ದಾಟುವಷ್ಟರಲ್ಲಿ ಅಪ್ಪ ಕಡೆಯವನಾಗಿದ್ದ, ಹಿಂದೆ ಪ್ರದೀಪಣ್ಣ. ನಮ್ಮ ಧಾರವಾಡದವರಿಗೆ ಯಾರಾದರೂ ತಮ್ಮ ಸಲುವಾಗಿ ಕಾಯುವುದೆಂದರೆ ಮೈಮೇಲೆ ಇರುವೆ ಬಿಟ್ಟಂತೆ. ಪಾಪ, ಹುಡುಗನಿಗೆ ನಾನು ಅಡ್ಡವಾದೆ ಎಂದು ಅಪ್ಪ ಪಕ್ಕಕ್ಕೆ ಸರಿದು, ನಿಧಾನ ಮಾಡಿ, ಕೈ ಮುಂದೆ ಚಾಚಿದ.

"ಆಪ್ ಜಾಯಿಯೇ."

"ನಹೀಂ ಸರ್, ಆಪ್ ಚಲಿಯೇ."

ಅಪ್ಪ ಇನ್ನಷ್ಟು ನಿಧಾನ. ನಿಯಮದ ಪ್ರಕಾರ ಪ್ರದೀಪಣ್ಣನೂ ಇನ್ನಷ್ಟು ನಿಧಾನ. ಹಿಂದಿಯಲ್ಲೇ ಉಪಚಾರ ನಡೆದು ನಡೆದು, ಕೊನೆಗೆ ಎರಡೂ ಸೈಕಲ್ಲು ರಸ್ತೆಯ ಬದಿಯಲ್ಲಿ ನಿಂತೇಬಿಟ್ಟವು. ಅಪ್ಪ ತನ್ನಷ್ಟಕ್ಕೆ, "ಎಂಥಾ ಸಭ್ಯ ಹುಡುಗನಪಾ, ಜಪ್ಪಯ್ಯ ಅಂದ್ರೂ ಮುಂದ ಹೋಗವಲ್ಲ" ಅಂದ. ಪ್ರದೀಪಣ್ಣ ಬಿದ್ದು ಬಿದ್ದು ನಕ್ಕು, "ಸಾರ್, ನೀವು ಕನ್ನಡದವರಾ? ನಾನು ಹಿಂದೇನೇ ಬರ್ಬೇಕು ಸಾರ್, ಅದು ರೂಲ್ಸು" ಅಂದ. ಆಮೇಲೆ ಇಬ್ಬರೂ ಮಾತಾಡುತ್ತಾ, ಹೊಲ ಮನೆ ಊಟ ಎಲ್ಲ ಕೇಳುತ್ತಾ, ಆರಾಮಾಗಿ ಬಂದರಂತೆ.

ಕೆರೆಯ ಹತ್ತಿರದ ಚಹದಂಗಡಿಯಲ್ಲಿ ನಮಗಿದು ಯಾವುದೂ ಗೊತ್ತಿಲ್ಲ. ನಾವು ಒಗ್ಗರಣೆ ಅವಲಕ್ಕಿಯ ಪೋಹೆ ತಿಂದು, ಚಹ ಕುಡಿದು, ಬೆವರು ಆರಿ ಚಳಿ ಹತ್ತಿ ಕೂತಿದ್ದೆವು. ಮುಂದಿನವರ ಜೊತೆ ಬಂದೆನೆಂದು ಎಲ್ಲರೂ ನನ್ನ ಬೆನ್ನು ತಟ್ಟಿದ್ದರು, ನನ್ನ ಜಂಬ ನೆತ್ತಿಗೇರಿತ್ತು. ಎಷ್ಟೋ ಹೊತ್ತಿನ ಮೇಲೆ ತಿರುವಿನಲ್ಲಿ ಅಪ್ಪ ಕಾಣಿಸಿಕೊಂಡ. ಹೆಲ್ಮೆಟ್ ಒಂದು ಕಡೆ ವಾಲಿತ್ತು, ಪ್ಯಾಂಟಿನ ಒಂದು ಕಾಲು ಕಾಲುಚೀಲದೊಳಗೆ ತೂರಿತ್ತು. ಅವನನ್ನು ನೋಡಿದ್ದೇ ತಡ, ಅಷ್ಟೂ ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಕೆಲವರು ಸೀಟಿಯನ್ನೂ ಹೊಡೆದರು.

ನಮ್ಮ ಸಾಲೆಯಲ್ಲಿ ಮೊದಲು ಬಂದವರಿಗೆ ಚಪ್ಪಾಳೆ. ಕಡೆಗೆ ಬಂದವನಿಗೆ ಎದ್ದು ನಿಂತು ಹೊಡೆದರೆ ಅದು ಚೇಷ್ಟೆಯಲ್ಲದೆ ಮತ್ತೇನು? ನನ್ನ ಕಿವಿ ಬಿಸಿಯಾದವು. ಅಪ್ಪನೋ, ಅವರಿಗೆಲ್ಲ ಕೈ ಮುಗಿಯುತ್ತಾ, ನಗುತ್ತಾ, ಸೈಕಲ್ ಗೋಡೆಗೆ ಆನಿಸಿ ನನ್ನ ಕಡೆಗೇ ಬರುತ್ತಿದ್ದ. ಕೈ ಜೇಬಿನಿಂದ ಉಂಡಿಯ ಪೊಟ್ಟಣ ತೆಗೆಯುತ್ತಿತ್ತು. ಪಕ್ಕದಲ್ಲಿದ್ದ ಮಾವಶಿಯೊಬ್ಬರು ಅಕ್ಕರೆಯಿಂದಲೇ ಕೇಳಿದರು, "ಹೇ ತುಝೇ ಬಾಬಾ ಕಾ ಗಂ?" ನಿನ್ನ ಅಪ್ಪನೇನೇ ಇವರು?

"ನಾಹೀ" ಅಂದೆ.

ಅಂದದ್ದು ಮೆಲ್ಲಗೋ ಜೋರಾಗಿಯೋ ಇವತ್ತಿಗೂ ತಿಳಿಯದು. ಅಪ್ಪ ಮೂರು ನಾಲ್ಕು ಹೆಜ್ಜೆ ದೂರದಲ್ಲಿದ್ದ. ನಿಂತ. ಹಿಂದೆ ತಿರುಗಿ "ತೊಗೋರಿ ಪ್ರದೀಪ, ನಮ್ಮ ಮನಿ ಉಂಡಿ" ಎಂದು ಎರಡನ್ನೂ ಅವನಿಗೇ ಕೊಟ್ಟ. ಪ್ರದೀಪಣ್ಣ ಒಮ್ಮೆ ನನ್ನನ್ನು ನೋಡಿ ಕಣ್ಣು ಬೇರೆ ಕಡೆ ಹೊರಳಿಸಿದ. ಮನೆಗೆ ಬಂದು ಲಿಫ್ಟಿನಲ್ಲಿ ಅಪ್ಪ, "ಪೋಹೆ ಛೊಲೋ ಇದ್ದೂವೇನು?" ಎಂದಷ್ಟೇ ಕೇಳಿದ. ಸಿಟ್ಟಿರಲಿಲ್ಲ. ಸಿಟ್ಟಾಗಿದ್ದರೆ ಕೇಳಿಸಿತೆಂದಾದರೂ ನನಗೆ ತಿಳಿಯುತ್ತಿತ್ತು.

ಮುಂದಿನ ಶನಿವಾರ ಸಂಜೆ ಅಪ್ಪ ನನ್ನ ಸೈಕಲ್ಲಿಗೆ ಎಣ್ಣೆ ಹಾಕುತ್ತಾ, "ನಾಳೆ ನೀ ಹೋಗವಾ, ಪ್ರದೀಪ ಇರ್ತಾನ. ನಂದು ಮೊಣಕಾಲು ಯಾಕೋ ಹಿಡದದ" ಅಂದ. ಅದರ ಮುಂದಿನ ವಾರವೂ ಮೊಣಕಾಲು. ಅವ್ವ ಎಣ್ಣೆ ಕಾಸಿ ತಿಕ್ಕಿದಳು, ಡಾಕ್ಟರ ಕಡೆ ನಡೀರಿ ಎಂದು ಗೊಣಗಿದಳು, ಆಮೇಲೆ ಬಾಲ್ಕನಿಯಲ್ಲಿ ನಿಂತ ಸೈಕಲ್ಲಿನ ಹ್ಯಾಂಡಲ್ಲಿಗೆ ಟವೆಲ್ಲು ಒಣಹಾಕತೊಡಗಿದಳು. ನಾನು ಗುಂಪಿನ ಜೊತೆ ಹೋಗುತ್ತಲೇ ಇದ್ದೆ. ನಮ್ಮ ಅಪ್ಪನಿಗೆ ಅವಮಾನ ಮಾಡಿದ ಜನರ ಜೊತೆ ಪೋಹೆ ತಿನ್ನುತ್ತಿದ್ದೇನೆ ಎನಿಸುತ್ತಿತ್ತು. ಆದರೂ ಹೋಗುತ್ತಿದ್ದೆ, ಸೈಕಲ್ ಅಂದರೆ ಅಷ್ಟು ಹುಚ್ಚು.

ಚಳಿ ಕಡಿಮೆಯಾಗುತ್ತಾ ಬಂದಾಗಿನ ಒಂದು ಭಾನುವಾರ ದಾರಿಯಲ್ಲಿ ನನ್ನ ಚೈನು ಮೂರು ಸಲ ಕಳಚಿತು. ಮೂರೂ ಸಲ ಪ್ರದೀಪಣ್ಣ ಹಿಂದೆ ನಿಂತು ಹಾಕಿಕೊಟ್ಟ. ಕೈಯೆಲ್ಲ ಗ್ರೀಸು, ಮುಖವೆಲ್ಲ ಅಳು, ಎಲ್ಲರಿಗಿಂತ ಕಡೆಗೆ ನಾನು ಚಹದಂಗಡಿ ಮುಟ್ಟಿದೆ. ಅಷ್ಟೂ ಜನ ಎದ್ದು ನಿಂತರು. ಅದೇ ಚಪ್ಪಾಳೆ, ಅದೇ ಸೀಟಿ. ಶಿರೀಷ ಕಾಕಾ ಎರಡೂ ಕೈ ಮೇಲೆತ್ತಿ "ಆಲೀ ರೇ ಆಲೀ", ಬಂದಳು ಬಂದಳು, ಎಂದು ಕೂಗುತ್ತಿದ್ದರು. ಒಬ್ಬರ ಮುಖದಲ್ಲೂ ಚೇಷ್ಟೆ ಇರಲಿಲ್ಲ. ಬಿಡದೆ ಬಂದೆಯಲ್ಲ ಎಂಬ ಸಂತೋಷವಿತ್ತು, ಅಷ್ಟೇ. ನಾನು ಜೋರಾಗಿ ಅತ್ತೆ. ದಣಿವೆಂದುಕೊಂಡು ಯಾರೋ ನೀರು ಕೊಟ್ಟರು.

ಮನೆಗೆ ಬಂದವಳೇ ಬೂಟು ಬಿಚ್ಚದೆ ಅಪ್ಪನ ಮುಂದೆ ನಿಂತೆ. ಅವನು ಪೇಪರು ಹಾಸಿ ಉಗುರು ಕತ್ತರಿಸುತ್ತಿದ್ದ.

"ಅಪ್ಪಾ, ಕಡೀಕ್ ಬಂದವ್ರಿಗೆ ಅವ್ರು ಯಾವಾಗ್ಲೂ ಚಪ್ಪಾಳಿ ಹೊಡೀತಾರ. ಚೇಷ್ಟಾ ಅಲ್ಲಪಾ ಅದು. ನೀ ಬಾ ಇನ್ನ."

"ಗೊತ್ತದವಾ," ಅಂದ ಅಪ್ಪ, ತಲೆ ಎತ್ತದೆ. "ಪ್ರದೀಪ ಅವತ್ತs ಹಾದ್ಯಾಗ ಹೇಳಿದ್ದಾ. ಭಾಳ ಛೊಲೋ ರೂಢಿ ಅದು."

ನಾನು ಕೂತು ಬೂಟು ಬಿಚ್ಚತೊಡಗಿದೆ. ಚಪ್ಪಾಳೆಯಿಂದ ಅಪ್ಪನಿಗೆ ನೋವಾಗಿರಲೇ ಇಲ್ಲ. ಅಂದ ಮೇಲೆ ಉಳಿದದ್ದು ಮೊಣಕಾಲು, ಇಲ್ಲವೇ ನಾನು.

ಈಗ ವಾಕಡದಲ್ಲಿ ಹೊಲವಿಲ್ಲ, ದಂಟಿನ ವಾಸನೆ ಇಲ್ಲ. ಆ ಬ್ರಿಜ್ಜಿನ ಮೇಲೆ ಭಾನುವಾರ ಬೆಳಿಗ್ಗೆಯೂ ವಾಹನಗಳು ಸಾಲುಗಟ್ಟಿ ನಿಂತಿರುತ್ತವೆ. ನಾನು ಭೋರದ ಘಾಟಿನವರೆಗೂ ಸೈಕಲ್ಲಿನ ಮೇಲೆ ಹೋಗಿಬಂದಿದ್ದೇನೆ. ಅಪ್ಪನ ಸಕ್ಕರೆಗೆ ದಿನಕ್ಕೆ ಮೂರು ಗುಳಿಗೆ. ಹೋದ ವರ್ಷ ಮೊಣಕಾಲಿನ ಎಕ್ಸ್‌ರೇ ತೆಗೆಸಿದಾಗ ಡಾಕ್ಟರು ನಿಜಕ್ಕೂ ಸವೆದಿದೆ ಎಂದರು. ಅರೆಗಳಿಗೆ ನನಗೆ ಹಿಗ್ಗಾಯಿತು. ಅಪ್ಪನ ಮೊಣಕಾಲು ಸವೆಯಿತೆಂದು ಹಿಗ್ಗುವ ಮಗಳು! ಆದರೆ ಅವರೇ ಮುಂದುವರಿದು, ಇದು ಈಚಿನ ನಾಲ್ಕೈದು ವರ್ಷದ್ದು, ಹಳೆಯದೇನಲ್ಲ ಎಂದರು. ಅಪ್ಪ ಆ ಮಾತು ಕೇಳಿಸದವನ ಹಾಗೆ ಚಪ್ಪಲಿ ಹುಡುಕುತ್ತಿದ್ದ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಗುಂಪಿನಲ್ಲಿ ಅಪ್ಪನ ಜೊತೆ ನಾನು ಹೋದದ್ದು ಒಂದೇ ಒಂದು ಭಾನುವಾರ. ಆ "ನಾಹೀ" ಕೇಳಿಸಿತ್ತಾ ಎಂದು ಈಗಲಾದರೂ ಕೇಳಬೇಕು, ಕೇಳಲು ಬಾಯಿ ಬರುವುದಿಲ್ಲ. ನಾನು ಸೈಕಲ್ ತೆಗೆಯುವ ದಿನ ಅಪ್ಪ ನನಗಿಂತ ಮೊದಲೇ ಎದ್ದು ಎರಡೂ ಗಾಲಿಗೆ ಗಾಳಿ ಹಾಕಿಟ್ಟಿರುತ್ತಾನೆ. ಬಾಗಿಲವರೆಗೂ ಬರುತ್ತಾನೆ. ಅಲ್ಲಿಂದ ಮುಂದೆ ಬರುವುದಿಲ್ಲ.