ಎಡಗಡೆ ಸೀಟಿನ ಕೆಳಗಿನ ನೀರು

ನನ್ನ ಕಾರಿನ ಸೀಟಿನ ಮೇಲೆ ನನ್ನ ಮಗ ಪ್ಲಾಸ್ಟಿಕ್ ಹಾಸಿದ ದಿನ ನಾನು ಅದರ ಮೇಲೇ ಕೂತೆ. ಊಟದ ಮೇಜಿಗೆ ಹಾಸುವ, ದ್ರಾಕ್ಷಿ ಗೊಂಚಲಿನ ಚಿತ್ರವಿದ್ದ ಹಾಳೆ. ಸಾಗರದ ಪೇಟೆಯಲ್ಲಿ ಅಳತೆ ಹೇಳಿ ಕತ್ತರಿಸಿ ತಂದವಳು ಸೊಸೆ. ಕೂತಾಗ ಚರಚರ ಸದ್ದಾಯಿತು. ಮಗ ರೇಡಿಯೋದ ಸದ್ದು ಹೆಚ್ಚು ಮಾಡಿದ.

ಕಾರು ನನ್ನದು ಎಂದೆನಲ್ಲ. ಸರ್ವೆ ಇಲಾಖೆಯಲ್ಲಿದ್ದಾಗ ಕೊಂಡದ್ದು. ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಗದ್ದೆ, ಗುಡ್ಡ, ಹುಲ್ಲು ಬೆಳೆಯುವ ಬ್ಯಾಣಗಳನ್ನು ಅಳೆಯುತ್ತ ಅದರಲ್ಲೇ ಓಡಾಡಿದ್ದೆ. ನಿವೃತ್ತಿಯಾದ ಮೇಲೆ ಪ್ರಾಸ್ಟೇಟ್ ಆಪರೇಷನ್ ಆಯಿತು. ಸದ್ಯಕ್ಕೆ ಗಾಡಿ ಓಡಿಸುವುದು ಬೇಡ ಎಂದು ಡಾಕ್ಟರು ಹೇಳಿದ್ದೇ ನೆಪ, ಕೀಲಿಕೈ ಮಗನ ಜೇಬಿಗೆ ಹೋಯಿತು, ಅಲ್ಲೇ ಉಳಿಯಿತು. ಅವನಿಗೆ ಸಾಗರದಲ್ಲಿ ಟೈಲ್ಸ್ ಅಂಗಡಿ ಇದೆ, ಗಾಡಿ ಬೇಕೇ ಬೇಕು. ನನ್ನ ಜಾಗ ಎಡಗಡೆಯ ಸೀಟಾಯಿತು.

ಆಪರೇಷನ್ ಆದ ಹೊಸತರಲ್ಲಿ ನನಗೆ ಮೂತ್ರದ ಮೇಲೆ ಹಿಡಿತ ಇರಲಿಲ್ಲ, ನಿಜ. ಪೈಪು ತೆಗೆದ ಮೇಲೆ ಕೆಲವು ವಾರ ಕೆಮ್ಮಿದರೆ, ಸೀನಿದರೆ ಬಟ್ಟೆ ಒದ್ದೆಯಾಗುತ್ತಿತ್ತು. ಹಾಗಾಗುತ್ತದೆ ಎಂದು ಮೊದಲೇ ಹೇಳಿದ್ದರು. ಆಮೇಲೆ ಸರಿಹೋಯಿತು. ಸರಿಹೋಯಿತು ಎನ್ನುವುದನ್ನು ಮನೆಯಲ್ಲಿ ಯಾರಿಗೆ, ಯಾವ ಬಾಯಿಯಲ್ಲಿ ಹೇಳುವುದು? ಹೆಂಡತಿ ಇದ್ದಿದ್ದರೆ ಹೇಳುವುದೇ ಬೇಕಿರಲಿಲ್ಲ. ಅವಳು ಹೋಗಿ ಬಹಳ ಕಾಲವಾಗಿತ್ತು.

ಕಾರಿನಲ್ಲಿ ಮೊದಲ ಸಲ ಒದ್ದೆಯಾದದ್ದು ಹೊಸನಗರದ ಒಂದು ಗೃಹಪ್ರವೇಶಕ್ಕೆ ಹೋದಾಗ. ಚಳಿಗಾಲದ ಬೆಳಿಗ್ಗೆ, ರಸ್ತೆಯ ತುಂಬ ಇಬ್ಬನಿ. ಇಳಿದು ನಿಂತರೆ ಪಂಚೆಯ ಅಂಚು ಕಾಲಿಗೆ ಅಂಟಿಕೊಂಡಿದೆ, ಚಪ್ಪಲಿ ಜಾರುತ್ತಿದೆ. ಸೊಸೆ ಹಿಂದಿನ ಸೀಟಿನಿಂದ ಇಳಿದವಳು ಒಮ್ಮೆ ನನ್ನ ಪಾದ ನೋಡಿದಳು, ಒಮ್ಮೆ ಕಾರಿನೊಳಗೆ ಬಗ್ಗಿ ನೋಡಿದಳು. ವಾಪಸ್ ಬರುವಾಗ ಮೂಗಿಗೆ ಸೆರಗು ಹಿಡಿದುಕೊಂಡಳು. ಕಾರಿನಲ್ಲಿ ಒಂಥರಾ ಸಿಹಿ ವಾಸನೆ ಇತ್ತು. ಅದು ನನಗೂ ಬರುತ್ತಿತ್ತು.

ಮನೆಗೆ ಬಂದ ಮೇಲೆ ಅಡುಗೆಮನೆಯಲ್ಲಿ ಅವಳು ಮಗನಿಗೆ ಹೇಳಿದ್ದು ಜಗಲಿಗೆ ಕೇಳಿಸಿತು. “ಶುಗರ್ ಇದ್ದವ್ರದ್ದು ಹಂಗೇ ವಾಸ್ನೆ ಬರೋದಂತೆ ಕಣ್ರೀ. ಮಾವಂಗೆ ಗೊತ್ತೇ ಆಗ್ತಾ ಇಲ್ಲ ಅನ್ಸುತ್ತೆ.”

“ಸೀಟು ಒಣಗೇ ಇತ್ತಲ್ಲೇ,” ಅಂದ ಮಗ.

“ಕೆಳಗಿಳಿಯುತ್ತಪ್ಪ. ನೀರು ಮೇಲೇ ನಿಂತ್ಕಳುತ್ತಾ?”

ನಾನು ಎದ್ದು ಹೋಗಿ ಪಂಚೆ ಬಿಚ್ಚಿ ನೋಡಿದೆ. ತೊಡೆ ಒಣಗಿತ್ತು. ಒದ್ದೆ ಇದ್ದದ್ದು ಮೊಣಕಾಲಿಂದ ಕೆಳಗೆ ಮಾತ್ರ. ಆದರೂ ಅಷ್ಟು ಹೊತ್ತಿಗೆ ಒಣಗಿರಬಹುದಲ್ಲ ಎಂಬ ಅನುಮಾನ ನನ್ನೊಳಗೇ ಶುರುವಾಯಿತು. ಅದು ಅವರ ಮಾತಿಗಿಂತ ಕೆಟ್ಟದ್ದು. ನನ್ನ ಮೈಯನ್ನೇ ನಾನು ನಂಬದ ಹಾಗಾಯಿತು. ಕಾರು ಹತ್ತುವ ಮುಂಚೆ ನೀರು ಕುಡಿಯುವುದನ್ನು ಬಿಟ್ಟೆ, ಕಾಫಿ ಬಿಟ್ಟೆ. ಬಾಯಿ ಒಣಗಿಸಿಕೊಂಡು ಹೋದರೂ ಇಳಿಯುವಾಗ ಕಾಲು ಒದ್ದೆಯೇ.

ಇದೇ ಹೊತ್ತಿಗೆ ಕಾರಿಗೂ ಕಾಯಿಲೆ ಹತ್ತಿತ್ತು. ದೂರ ಹೋದರೆ ಇಂಜಿನ್ ಕಾಯುತ್ತಿತ್ತು. ಬಾನೆಟ್ ಎತ್ತಿದರೆ ಇಂಜಿನ್ ತಣಿಸುವ ಹಸಿರು ನೀರು, ಕೂಲೆಂಟ್, ಕಡಿಮೆ. ಮಗ ಬಾಟಲಿಯಲ್ಲಿ ನಲ್ಲಿ ನೀರು ಹಿಡಿದು ಸುರಿಯುತ್ತಿದ್ದ. ಸಾಗರದ ಗ್ಯಾರೇಜಿನಲ್ಲಿ ಒಮ್ಮೆ ರಬ್ಬರ್ ಪೈಪು ಬದಲಾಯಿಸಿದರು, ಇನ್ನೊಮ್ಮೆ ರೇಡಿಯೇಟರ್ ಮುಚ್ಚಳ, ಮತ್ತೊಮ್ಮೆ ವಾಟರ್ ಪಂಪು. ಕಾರಿನ ಅಡಿಗೆ ಪೇಪರ್ ಹಾಸಿಟ್ಟು ನೋಡಿದರು, ಒಂದು ಹನಿಯೂ ಬೀಳಲಿಲ್ಲ. ಮಗ ಒಬ್ಬನೇ ಆನಂದಪುರದವರೆಗೆ ಹೋಗಿ ಬಂದರೆ ನೀರು ಹಾಕಿದಷ್ಟೇ ಇರುತ್ತಿತ್ತು.

“ನೀನು ಹತ್ತಿದ್ರೆ ಮಾತ್ರ ಇದಕ್ಕೆ ರೋಗ ನೋಡು ಅಪ್ಪಯ್ಯ,” ಅಂದ ಒಂದು ದಿನ. ತಮಾಷೆಗೆ ಅಂದದ್ದು. ಸೊಸೆ ನಕ್ಕಳು.

ಕಾರಿನ ಬಗ್ಗೆ ಅವನು ಮೂರು ಕಡೆ ಫೋನ್ ಮಾಡಿ ವಿಚಾರಿಸಿದ್ದ. ನನ್ನ ಬಗ್ಗೆ ಡಾಕ್ಟರಿಗೆ ಒಂದು ಫೋನೂ ಮಾಡಿರಲಿಲ್ಲ.

ಹೀಗಿರುವಾಗ ತೀರ್ಥಹಳ್ಳಿಯಲ್ಲಿ ನನ್ನ ಮಗಳ ಮಗಳಿಗೆ ನಿಶ್ಚಿತಾರ್ಥವಾಯಿತು. ಹುಟ್ಟಿದ ಹೊಸತರಲ್ಲಿ ನನ್ನ ಎದೆಯ ಮೇಲೆ ಮಲಗಿ ಬೆಳೆದ ಹುಡುಗಿ. ಹೊರಡುವ ಬೆಳಿಗ್ಗೆ ನನ್ನ ಮಂಚದ ಮೇಲೆ ಇಸ್ತ್ರಿ ಮಾಡಿದ ಅಂಗಿ, ಪಂಚೆ, ಶಲ್ಯ ಇಟ್ಟಿತ್ತು. ಅದರ ಪಕ್ಕದಲ್ಲಿ ಒಂದು ಪೊಟ್ಟಣ. ದೊಡ್ಡವರು ಹಾಕಿಕೊಳ್ಳುವ ಡೈಪರ್.

ಮಗ ಬಾಗಿಲಲ್ಲಿ ನಿಂತಿದ್ದ. “ಗಂಡಿನ ಕಡೆಯವ್ರೆಲ್ಲ ಬಂದಿರ್ತಾರೆ. ಇವತ್ತೊಂದಿನ ಹಾಕ್ಯಂಬಿಡು ಅಪ್ಪಯ್ಯ.”

“ನಂಗೆ ಅದು ಬೇಕಾಗಿಲ್ಲ ಮಾರಾಯ. ನನಗೇನೂ ಆಗಿಲ್ಲ.”

“ಆಗಿಲ್ಲ ಅಂದ್ರೆ ಹೆಂಗೆ? ಮ್ಯಾಟು ಹಿಂಡಿದ್ರೆ ನೀರು ಬರುತ್ತೆ. ತೊಳೆಯೋಳು ಅವಳು.”

“ಹಾಕದಿದ್ದರೆ?”

ಅವನು ಗೋಡೆಯ ಕಡೆ ನೋಡಿದ. “ಅಲ್ಲಿ ಮರ್ಯಾದೆ ಹೋದ್ರೆ ಆ ಹುಡುಗಿಗೇ ಬೇಜಾರಲ್ವಾ, ಪಾಪ.”

ಹುಡುಗಿಯ ಹೆಸರು ಹಿಡಿದು ಕಟ್ಟಿಹಾಕಿದ. ನಾನು ಬಾಗಿಲು ಹಾಕಿಕೊಂಡು ಅದನ್ನು ಹಾಕಿಕೊಂಡೆ. ಮೇಲೆ ಪಂಚೆ ಉಟ್ಟೆ. ಸೊಂಟದಲ್ಲಿ ಉಬ್ಬಿ ಕಾಣುತ್ತಿತ್ತು, ಶಲ್ಯವನ್ನು ಮುಂದೆ ಇಳಿಬಿಟ್ಟೆ. ಕಾರಿನಲ್ಲಿ ದ್ರಾಕ್ಷಿ ಗೊಂಚಲಿನ ಮೇಲೆ ಕೂತೆ. ಥಂಡಿ ಇತ್ತೆಂದು ಮಗ ಹೀಟರ್ ಹಾಕಿದ. ಎದುರಿನ ಗಾಜಿಗೆ ಒಳಗಿನಿಂದ ಮಬ್ಬು ಹಿಡಿಯಿತು, ಬಟ್ಟೆಯಿಂದ ಉಜ್ಜಿದರೆ ಎಣ್ಣೆ ಸವರಿದ ಹಾಗೆ ಬಳಿದುಕೊಳ್ಳುತ್ತಿತ್ತು. ಅದನ್ನು ಉಜ್ಜುವ ಕೆಲಸ ನನ್ನದು. ಹೊಸನಗರ ದಾಟುವಾಗ ಪಾದಕ್ಕೆ ಒದ್ದೆ ತಗುಲಿದ್ದು ಗೊತ್ತಾಯಿತು. ಕಾಲು ಮಡಚಿಕೊಂಡು ಕೂತೆ.

ತೀರ್ಥಹಳ್ಳಿಯಲ್ಲಿ ಮಗಳ ಮನೆಗೆ ತಲುಪಿದ ಕೂಡಲೇ ಬಚ್ಚಲಿಗೆ ಹೋದೆ. ಪಂಚೆಯ ಅಂಚು ಒದ್ದೆಯಾಗಿತ್ತು, ಪಾದ ಒದ್ದೆಯಾಗಿತ್ತು. ಡೈಪರ್ ಬಿಚ್ಚಿ ಕೈಯಲ್ಲಿ ಹಿಡಿದು ನೋಡಿದೆ. ಪೊಟ್ಟಣದಿಂದ ತೆಗೆದಾಗ ಹೇಗಿತ್ತೋ ಹಾಗೇ ಇತ್ತು. ಒಣ ಹತ್ತಿ.

ಸಂತೋಷವಾಗಬೇಕಿತ್ತು. ಆದದ್ದು ಸಿಟ್ಟು. ಡೈಪರನ್ನು ಪೇಪರಿನಲ್ಲಿ ಸುತ್ತಿ ಬಚ್ಚಲ ಮೂಲೆಯ ಬುಟ್ಟಿಗೆ ಹಾಕಿ ನೇರ ಕಾರಿನ ಹತ್ತಿರ ಹೋದೆ. ಬಾಗಿಲು ತೆಗೆದು, ಮಂಡಿಯೂರಿ, ನನ್ನ ಬಿಳಿ ಶಲ್ಯದ ತುದಿಯನ್ನು ನೆಲದ ಕಾರ್ಪೆಟ್ಟಿಗೆ ಒತ್ತಿ ಹಿಡಿದೆ. ಎತ್ತಿ ಬಿಸಿಲಿಗೆ ಹಿಡಿದರೆ ತೆಳು ಹಸಿರು. ಬೆರಳಿನ ನಡುವೆ ಉಜ್ಜಿದೆ, ಜಾರಿತು. ಅದೇ ಸಿಹಿ ವಾಸನೆ. ನೀರು ಸುರಿದೂ ಸುರಿದೂ ಬಣ್ಣ ಅಷ್ಟು ತೆಳುವಾಗಿತ್ತು, ಕಪ್ಪು ಕಾರ್ಪೆಟ್ಟಿನ ಮೇಲೆ ಕಾಣುವಂತಿರಲಿಲ್ಲ.

ಮಗನನ್ನು ಕರೆದೆ. ಅವನು ಚಪ್ಪರದಿಂದ ಬಂದ. ಶಲ್ಯ ತೋರಿಸಿದೆ.

“ನೋಡು, ಇದು ಕೂಲೆಂಟು. ನಿನ್ನ ಗಾಡಿದು.”

ಅವನು ಸುತ್ತ ನೋಡಿದ. “ಈಗ ಬ್ಯಾಡ ಅಪ್ಪಯ್ಯ, ಜನ ಇದಾರೆ. ಶಲ್ಯ ಬೇರೆ ಕೊಡಿಸ್ತೀನಿ, ಬಾ.”

ಅವನು ನೋಡಿದ್ದು ಕಲೆಯನ್ನು. ನಾನು ಹೇಳಿದ್ದು ಅವನ ಕಿವಿಗೇ ಬಿದ್ದಿರಲಿಲ್ಲ.

ಉಂಗುರ ಬದಲಾಯಿಸುವಾಗ ಮೊಮ್ಮಗಳು ನನ್ನನ್ನು ಹುಡುಕಿ ಕಾಲಿಗೆ ಬಿದ್ದಳು. ಆ ಹೊತ್ತಿನಲ್ಲೂ ನನ್ನ ತಲೆಯೊಳಗೆ ಓಡುತ್ತಿದ್ದದ್ದು ಕಾರಿನ ಲೆಕ್ಕ. ಯಾವಾಗೆಲ್ಲ ಒದ್ದೆಯಾಗಿತ್ತು? ನಾನು ಜೊತೆಗಿದ್ದಾಗ. ನಾನು ಜೊತೆಗಿದ್ದಾಗ ಅವರು ಏನು ಬೇರೆ ಮಾಡುತ್ತಿದ್ದರು? ಮುದುಕನಿಗೆ ಚಳಿ ಎಂದು ಹೀಟರ್ ಹಾಕುತ್ತಿದ್ದರು. ಮಗ ಒಬ್ಬನೇ ಹೋಗುವಾಗ ಹಾಕುತ್ತಿರಲಿಲ್ಲ. ಹೀಟರ್ ತಿರುಗಿಸಿದರೆ ಇಂಜಿನ್ನಿನ ಬಿಸಿನೀರು ಡ್ಯಾಶ್‌ಬೋರ್ಡಿನ ಒಳಕ್ಕೆ ಬರುತ್ತದೆ. ಇದು ನನಗೆ ಗೊತ್ತಿದ್ದದ್ದೇ. ಇಷ್ಟು ದಿನ ಹೊಳೆಯದಿದ್ದುದಕ್ಕೆ ಕಾರಣ, ತಪ್ಪು ನನ್ನ ಮೈಯಲ್ಲೇ ಇದೆ ಎಂದು ಅವರು ನನ್ನನ್ನು ಒಪ್ಪಿಸಿಬಿಟ್ಟಿದ್ದರು. ಅಷ್ಟು ಹೊತ್ತಿಗೂ ಹುಡುಗಿಯ ತಲೆಯ ಮೇಲಿಟ್ಟ ಕೈ ತೆಗೆದಿರಲಿಲ್ಲ. “ಅಜ್ಜ, ಸಾಕು ಆಶೀರ್ವಾದ,” ಎಂದು ಅವಳೇ ನಕ್ಕು ಎದ್ದಳು.

ಊಟ ಮುಗಿಸಿ ಹೊರಟೆವು. ನೀರು ನೋಡಿಕೊಂಡು ಹೊರಡು ಎಂದೆ. “ಬೆಳಿಗ್ಗೆ ಹಾಕಿದೀನಿ,” ಅಂದ. ಹೊಸನಗರ ಇನ್ನೂ ಸ್ವಲ್ಪ ದೂರವಿರುವಾಗ ಒಂದು ಏರಿನಲ್ಲಿ ಇಂಜಿನ್ನಿನ ಬಿಸಿ ತೋರಿಸುವ ಮುಳ್ಳು ಕೆಂಪಿಗೆ ಹೋಯಿತು. ಬಾನೆಟ್ಟಿನ ಸಂದಿಯಿಂದ ಹಬೆ. ಅಲ್ಲೇ ನಿಲ್ಲಿಸಿ, ಆರಲು ಬಿಟ್ಟು, ಪಕ್ಕದ ಮನೆಯಿಂದ ಕೊಡದಲ್ಲಿ ನೀರು ತಂದು ತುಂಬಿ, ಹೇಗೋ ಹೊಸನಗರದ ಒಂದು ಗ್ಯಾರೇಜು ಮುಟ್ಟಿಸಿದೆವು.

ಮೆಕ್ಯಾನಿಕ್ ರೇಡಿಯೇಟರಿನ ಬಾಯಿಗೆ ಒಂದು ಕೈಪಂಪು ಸಿಕ್ಕಿಸಿ ಗಾಳಿ ಹೊಡೆದ. ಎಲ್ಲಿಯಾದರೂ ಸೋರಿಕೆ ಇದ್ದರೆ ಪಂಪಿನ ಮೇಲಿನ ಮುಳ್ಳು ಇಳಿಯಬೇಕು. ಇಳಿಯಲಿಲ್ಲ.

“ಎಲ್ಲೂ ಲೀಕ್ ಇಲ್ಲ ಮಾರಾಯ್ರೆ,” ಅಂದ.

“ಹೀಟರ್ ಕಡೆ ತಿರುಗಿಸಿ ಹೊಡೀರಿ,” ಅಂದೆ ನಾನು.

“ಅಪ್ಪಯ್ಯ, ಅವರಿಗೆ ಗೊತ್ತಿರುತ್ತೆ, ಸುಮ್ನಿರು,” ಅಂದ ಮಗ.

ಮೆಕ್ಯಾನಿಕ್ ಮಾತ್ರ ಹೀಟರಿನ ಗುಂಡಿ ತಿರುಗಿಸಿ ಮತ್ತೆ ಗಾಳಿ ಹೊಡೆದ. ಮುಳ್ಳು ನೋಡನೋಡುತ್ತಿದ್ದಂತೆ ಇಳಿಯಿತು. ಅವನು ಎಡಗಡೆ ಬಾಗಿಲಿಂದ ತಲೆ ತೂರಿಸಿ, ಕಾರ್ಪೆಟ್ ಎತ್ತಿ, ಟಾರ್ಚು ಬಿಟ್ಟ. ಡ್ಯಾಶ್‌ಬೋರ್ಡಿನ ಅಡಿಯಿಂದ ಹನಿ ಹನಿಯಾಗಿ ಬೀಳುತ್ತಿತ್ತು, ನಾನು ಕಾಲಿಡುವ ಜಾಗಕ್ಕೆ ಸರಿಯಾಗಿ.

“ಹೀಟರಿನ ಒಳಗೊಂದು ಸಣ್ಣ ರೇಡಿಯೇಟರ್ ಇರುತ್ತೆ, ಅದು ತೂತು ಬಿದ್ದಿದೆ. ಈ ಕಡೆ ಯಾರು ಕೂರೋದು? ಕಾಲು ಒದ್ದೆಯಾಗ್ತಿತ್ತು ಅಂತ ಯಾರೂ ಹೇಳ್ಲಿಲ್ವಾ?”

ಸೊಸೆ ರಸ್ತೆಯ ಕಡೆ ತಿರುಗಿ ನಿಂತಳು. ಮಗ ಫೋನ್ ತೆಗೆದ. ನಾನು ಅವನ ಮುಖವನ್ನೇ ನೋಡುತ್ತ ನಿಂತೆ. ಒಂದು ಮಾತು ಬರಬಹುದೆಂದು ಕಾದೆ. ಕೊನೆಗೆ ಅವನು ಕೇಳಿದ್ದು ಮೆಕ್ಯಾನಿಕ್ಕನ್ನು: “ಸಾಗರ ಮುಟ್ಟೋ ಹಂಗೆ ಮಾಡ್ಕೊಡ್ತೀರಾ?”

ಮೆಕ್ಯಾನಿಕ್ ಹೀಟರಿಗೆ ಹೋಗುವ ಎರಡೂ ಪೈಪುಗಳನ್ನು ಕಿತ್ತು, ಒಂದಕ್ಕೊಂದು ಸೇರಿಸಿ ಬಿಗಿದು ಕಳಿಸಿದ. ಮರುವಾರ ಸಾಗರದಲ್ಲಿ ಡ್ಯಾಶ್‌ಬೋರ್ಡ್ ಪೂರ್ತಿ ಬಿಚ್ಚಿ ಆ ಸಣ್ಣ ರೇಡಿಯೇಟರಿನ ಜಾಗಕ್ಕೆ ಹೊಸದು ಕೂರಿಸಿದರು. ನಾನೂ ಹೋಗಿ ನಿಂತು ನೋಡಿದೆ. ಹಳೆಯದು ಕೈಯಗಲದ ತಗಡು, ಮೂಲೆಯಲ್ಲಿ ತುಕ್ಕು ತಿಂದು ಹಸಿರು ಕಟ್ಟಿತ್ತು. ಕಾರು ಆಮೇಲೆ ಎಲ್ಲೂ ಕಾಯಲಿಲ್ಲ. ಪ್ಲಾಸ್ಟಿಕ್ ಹಾಳೆಯನ್ನು ನಾನೇ ಕಿತ್ತು ಒಲೆಗೆ ಹಾಕಿದೆ. ಎಲ್ಲಿ ಹೋಯಿತೆಂದು ಯಾರೂ ಕೇಳಲಿಲ್ಲ.

ಒಂದು ಸಂಜೆ ನಾನೇ ಬಾಯಿಬಿಟ್ಟು ಕೇಳಿದೆ. “ಅಷ್ಟು ದಿನ ನನ್ನ ಮೇಲೆ ಹೇಳಿದ್ರಲ್ಲ, ಈಗೇನು ಹೇಳ್ತೀಯ?”

ಮಗ ಟೀವಿಯಿಂದ ಕಣ್ಣು ತೆಗೆಯಲಿಲ್ಲ. “ಸರಿಯಾಯ್ತಲ್ಲ ಅಪ್ಪಯ್ಯ. ಅದನ್ನೇ ಎಂಥಕ್ಕೆ ಎಳೀತೀಯ?”

ಸರಿಯಾದದ್ದು ಕಾರು. ಸೊಸೆ ಅಷ್ಟರಲ್ಲಿ ನನ್ನ ವಿಷಯವನ್ನು ತೀರ್ಥಹಳ್ಳಿಗೂ ಮುಟ್ಟಿಸಿದ್ದಳು ಎಂದು ತಿಳಿದದ್ದು ಮದುವೆಯ ದಿನ. ಛತ್ರದಲ್ಲಿ ವರನ ತಂದೆ ಬಹಳ ಗೌರವದಿಂದ ನನ್ನ ತೋಳು ಹಿಡಿದು, ಪಕ್ಕದ ಬಾಗಿಲ ಹತ್ತಿರ ಹಾಕಿಸಿದ್ದ ಕುರ್ಚಿಗೆ ಕರೆದುಕೊಂಡು ಹೋದರು. ಆ ಬಾಗಿಲಿಂದ ಆಚೆಗೆ ಶೌಚಾಲಯ.

“ಇಲ್ಲಿ ನಿಮಗೆ ಅನುಕೂಲ,” ಎಂದರು, ಮೆಲ್ಲಗೆ, ಬೇರೆ ಯಾರಿಗೂ ಕೇಳಿಸದ ಹಾಗೆ.

“ಇಲ್ಲ, ನನಗೆ ಅಂಥಾದ್ದೇನೂ ಇಲ್ಲ. ಅದು ಕಾರಿನ ಹೀಟರು...” ಎಂದು ಶುರು ಮಾಡಿದೆ. ಹೀಟರು, ಸಣ್ಣ ರೇಡಿಯೇಟರು, ಎಡಗಡೆಯ ಸೀಟು ಎಲ್ಲ ಹೇಳಿದೆ. ಓಲಗದ ಸದ್ದಿನಲ್ಲಿ ಸ್ವರ ಏರಿಸಬೇಕಾಯಿತು. ಅವರು ಒಳ್ಳೆಯ ಮನುಷ್ಯ, ನಡುವೆ ಬಾಯಿ ಹಾಕದೆ ಪೂರ್ತಿ ಕೇಳಿದರು. ಕಾಯಿಲೆಯವರ ಮಾತಿಗೆ ತಲೆಯಾಡಿಸುತ್ತಾರಲ್ಲ, ಹಾಗೆ ತಲೆಯಾಡಿಸಿದರು. ಆಮೇಲೆ ನನ್ನ ಕೈಯನ್ನು ಒಮ್ಮೆ ಒತ್ತಿ, ಬಂದವರನ್ನು ಎದುರುಗೊಳ್ಳಲು ಹೋದರು.