ಇನ್ನೂರಿಪ್ಪತ್ತು ಪೌಂಡಿನೊಳಗಿನ ಭಕ್ತಿ

ಪ್ರಿಂಟರಿನಿಂದ ಆಗತಾನೇ ಬಂದ ಕಾಗದಕ್ಕೆ ಒಂದು ಬಿಸಿ ವಾಸನೆ ಇರುತ್ತದಲ್ಲ, ಇಸ್ತ್ರಿ ಮಾಡಿದ ಬಟ್ಟೆಯ ವಾಸನೆಯಂತೆ, ಅದು ಮೂಗಿಗೆ ಬಡಿದರೆ ಇವತ್ತಿಗೂ ನನ್ನ ಎದೆ ಧಸಕ್ಕೆನ್ನುತ್ತದೆ. ಈಗಷ್ಟೇ ಸಂಜೆಯ ಭಜನೆಗೆ ದೇವರನಾಮಗಳನ್ನು ಪ್ರಿಂಟ್ ಮಾಡುವಾಗಲೂ ಹಾಗೇ ಆಯಿತು. ಯಾಕೆ ಅಂತ ಹೇಳುತ್ತೇನೆ, ಕೇಳಿ.

ಎರಡು ವರ್ಷದ ಹಿಂದಿನ ಮಾತು. ನಮ್ಮವರಿಗೆ ಆಗ ಐವತ್ತೊಂದು. ಮದುವೆಯಾದ ಲಾಗಾಯ್ತು ನಾನು ಏಕಾದಶಿ ಮಾಡುವವಳು, ಅವರು ಅದೇ ದಿನ ನೋಡಿಕೊಂಡು ಪಿಜ್ಜಾ ತರಿಸುವವರು. ಅಂಥವರು ಒಂದು ಮಾರ್ಚ್‌ನಲ್ಲಿ, ವುಡ್‌ರಿಡ್ಜ್‌ನ ನಮ್ಮ ಮನೆ ಮುಂದಿನ ಹಿಮ ಇನ್ನೂ ಕರಗುತ್ತಿದ್ದಾಗ, ತಟ್ಟೆ ಸರಿಸಿ, "ಇವತ್ತು ನಂಗೂ ಬೇಡ ಕಣೇ, ನಿನ್ ಜೊತೆ ನಾನೂ ಉಪವಾಸ" ಅಂದರು. ನನಗೆ ಕಣ್ಣು ತುಂಬಿ ಬಂತು. ಇನ್ನೊಂದು ತುಪ್ಪದ ದೀಪ ಹಚ್ಚಿದೆ.

ಆಮೇಲೆ ಏಕಾದಶಿಗೆ ಸೋಮವಾರ ಸೇರಿತು, ಶನಿವಾರ ಸೇರಿತು. ಬೆಳಿಗ್ಗೆ ಎದ್ದು ಕಾರ್ಪೆಟ್ ಮೇಲೆ ಬೋರಲು ಮಲಗಿ, ಕೈಕಾಲು ಮೇಲೆತ್ತಿ, ಬೆನ್ನನ್ನು ಬಿಲ್ಲಿನ ಹಾಗೆ ಬಗ್ಗಿಸುತ್ತಿದ್ದರು. ಯೋಗಾಸನ ಎಂದುಕೊಂಡೆ. ಸಂಜೆ ಹಿತ್ತಲ ಡೆಕ್ ಮೇಲೆ ನಿಂತು ಆಕಾಶ ನೋಡುತ್ತಿದ್ದರು. ಸಂಧ್ಯಾವಂದನೆಯ ಕಡೆಗೂ ಮನಸ್ಸು ತಿರುಗಿತು ಎಂದುಕೊಂಡೆ. ಎಲ್ಕ್ ಗ್ರೋವ್ ಆಫೀಸಿನ ಸ್ನೇಹಿತರ ಜೊತೆ ಶುಕ್ರವಾರ ಕುಡಿಯುತ್ತಿದ್ದ ಬಿಯರೂ ನಿಂತಿತು. ಒಂದೊಂದನ್ನೂ ಸ್ವಾಮಿಯ ಕರುಣೆ ಎಂದು ಬೆರಳು ಮಡಿಸಿ ಎಣಿಸಿದೆ. ಎಣಿಸಿ ಸುಮ್ಮನಿರಬೇಕಿತ್ತು, ಭಜನೆಯ ಗುಂಪಿನಲ್ಲಿ ಹೇಳಿಕೊಂಡೆ. ನೇಪರ್‌ವಿಲ್‌ನಿಂದ ಬರುವ ಹಿರಿಯಾಕೆಯೊಬ್ಬರು, "ಪುಣ್ಯವಂತೆ ಕಣಮ್ಮ ನೀನು. ನಮ್ಮನೇವ್ರು ದೇವಸ್ಥಾನಕ್ಕೆ ಬರೋದೇ ಪುಳಿಯೋಗರೆಗೆ" ಎಂದರು. ಒಂದು ವಾರ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಜೂನ್‌ನ ಒಂದು ಏಕಾದಶಿ, ಫ್ರಿಜ್ ಬಾಗಿಲು ಹಿಡಿದು ನಿಂತಿದ್ದವರು ಹಾಗೇ ಕುಸಿದರು. ನಾನು ಹೆಸರು ಹಿಡಿದು ಕೂಗಿಬಿಟ್ಟೆ, ಮದುವೆಯಾದ ಮೇಲೆ ಅದೇ ಮೊದಲು. ನೀರು ಚಿಮುಕಿಸಿ, ಸಕ್ಕರೆ ನೀರು ಕುಡಿಸಿದ ಮೇಲೆ ಎದ್ದು ಕೂತು, "ಯಾರಿಗೂ ಹೇಳ್ಬೇಡ" ಅಂದರು. ಡೆಟ್ರಾಯಿಟ್ ಹತ್ತಿರ ಓದುತ್ತಿದ್ದ ಮಗಳಿಗೆ ಹೇಳಲಿಲ್ಲ, ಡಾಕ್ಟರಿಗೂ ಹೇಳಲಿಲ್ಲ. ಭಜನೆಯವರಿಗೆ ಮಾತ್ರ ಹೇಳಿದೆ: "ತಲೆ ತಿರುಗಿ ಬಿದ್ರೂ ಅನ್ನ ಮುಟ್ಲಿಲ್ಲ ಕಣ್ರೀ!"

ಹತ್ತು ದಿನ ಕಳೆದಿರಬೇಕು. ಪ್ರಿಂಟರಿನಿಂದ ದೇವರನಾಮದ ಹಾಳೆ ತೆಗೆಯಲು ಹೋದರೆ ಅದರ ಕೆಳಗೆ ಬೇರೆ ಯಾವುದೋ ಬಿಸಿ ಕಾಗದ. ಪ್ಯಾರಾಚೂಟ್ ಕಟ್ಟಿಕೊಂಡು ವಿಮಾನದಿಂದ ಒಬ್ಬರೇ ಹಾರುವುದನ್ನು ಕಲಿಸುವ ತರಗತಿಯ ಅರ್ಜಿ. ಹದಿನೆಂಟು ತುಂಬಿರಬೇಕು. ತೂಕ ಇನ್ನೂರಿಪ್ಪತ್ತು ಪೌಂಡ್ ಮೀರಬಾರದು. ಎರಡು ಕೈಯನ್ನೂ ತಲೆಯ ಮೇಲೆ ಎತ್ತಲು ಬರಬೇಕು, ಇಳಿಯುವಾಗಿನ ಪೆಟ್ಟನ್ನು ಮಂಡಿ ತಡೆದುಕೊಳ್ಳಬೇಕು. ಎಂದಾದರೂ ಪ್ರಜ್ಞೆ ತಪ್ಪಿದ್ದುಂಟೇ? ಇಲ್ಲ, ಎಂದು ತುಂಬಿತ್ತು. ಮೇಲೆ ನಮ್ಮವರ ಹೆಸರು. ಕಾಗದ ಹಿಡಿದು ಸೀದಾ ಅವರ ಮುಂದೆ ಹೋಗಿ ನಿಂತೆ.

"ಏನ್ರೀ ಇದು? ಹಾಗಾದ್ರೆ ಏಕಾದಶಿ?"

"ಇನ್ನೂರ ಮೂವತ್ತೆರಡು ಇದ್ದೆ ಕಣೇ. ಇಳಿಸ್ಬೇಕಿತ್ತು."

"ಕಾರ್ಪೆಟ್ ಮೇಲೆ ಮಾಡ್ತಿದ್ದದ್ದು?"

"ಗಾಳೀಲಿ ಹಾಗೇ ಇರ್ಬೇಕಂತೆ."

"ಅಯ್ಯೋ, ನಾನು ಊರೆಲ್ಲಾ ಹೇಳ್ಕೊಂಡ್ ಬಂದಿದೀನಲ್ರೀ!"

"ನಾನು ಹೇಳು ಅಂದ್ನಾ?" ಎಂದು ನಕ್ಕವರು ನನ್ನ ಮುಖ ನೋಡಿ ಗಂಭೀರವಾದರು. "ಗ್ರೀನ್ ಕಾರ್ಡ್‌ಗೆ ಅಪ್ಲೈ ಮಾಡಿ ಎಷ್ಟು ವರ್ಷದಿಂದ ಕಾಯ್ತಿದೀನಿ, ನೋಡಿದೀಯಲ್ಲ. ಎಲ್ಲಾದಕ್ಕೂ ಇನ್ನೊಬ್ರು ಸರಿ ಅನ್ಬೇಕು. ಇದೊಂದಕ್ಕೆ ನಾನು ಊಟ ಬಿಟ್ರೆ ಸಾಕಿತ್ತು."

ಅದೂ ನಿಜವೇ. ಆದರೆ ಆ 'ಇಲ್ಲ' ಎಂಬುದು ಕಣ್ಣಿಗೆ ಚುಚ್ಚುತ್ತಲೇ ಇತ್ತು. ಅಷ್ಟು ಮೇಲೆ, ಪ್ಯಾರಾಚೂಟಿನ ಹಗ್ಗ ಎಳೆಯುವ ಹೊತ್ತಿಗೆ ಹೀಗೇ ಕಣ್ಣು ಕತ್ತಲಿಟ್ಟರೆ ಸಕ್ಕರೆ ನೀರು ಕೊಡುವವರು ಯಾರು? ಅದಕ್ಕಿಂತ ಗಾಬರಿಯ ಇನ್ನೊಂದು ಸಂಗತಿ ಆಗ ಹೊಳೆಯಿತು, ನಿಮ್ಮ ಹತ್ತಿರ ಮುಚ್ಚಿಡುವುದೇಕೆ. ಅವರು ತೂಕಕ್ಕಾಗಿ ಉಪವಾಸ ಕೂತರೆ, ಗಂಡ ಬಿದ್ದರೂ ಡಾಕ್ಟರ ಹತ್ತಿರ ಕರೆದೊಯ್ಯದೆ ನಾನು ಹೆಸರಿಗಾಗಿ ಕೂರಿಸಿದ್ದೆ. ದೇವರ ಹೆಸರನ್ನು ಇಬ್ಬರೂ ಬಳಸಿಕೊಂಡಿದ್ದೆವು.

"ನಿಜ ಬರೀರಿ."

"ಬರೆದ್ರೆ ಬಿಡಲ್ಲ ಕಣೇ."

"ನೀವು ಬರೀದಿದ್ರೆ ನಾನೇ ಬಂದು ಹೇಳ್ತೀನಿ. ನನ್ ಇಂಗ್ಲಿಷ್ ಕೇಳಿ ಅವ್ರು ನಕ್ರೂ ಪರವಾಗಿಲ್ಲ."

ಮಗಳಿಗೆ ಫೋನ್ ಮಾಡಿದೆವು. "ಅಪ್ಪಾ, ದಟ್ಸ್ ಸೋ ಕೂಲ್!" ಎಂದು ಕಿರುಚಿದವಳು, ಬಿದ್ದ ಸುದ್ದಿ ಕೇಳಿ, "ವೇಟ್, ವಾಟ್?" ಎಂದು ತಣ್ಣಗಾದಳು.

ಶನಿವಾರ ಇಬ್ಬರೂ ಜೋಳದ ಹೊಲಗಳ ನಡುವೆ ಒಂದೂವರೆ ಗಂಟೆ ಡ್ರೈವ್ ಮಾಡಿ ಆ ತರಗತಿ ನಡೆಯುವ ಜಾಗಕ್ಕೆ ಹೋದೆವು. ತೂಕದ ಮೆಷಿನ್ ಹತ್ತಿದರು, ಇನ್ನೂರ ಹದಿನೇಳು. ಅವರ ಮುಖ ಅರಳಿದ್ದನ್ನು ನೀವು ನೋಡಬೇಕಿತ್ತು. ಆಮೇಲೆ ಪೆನ್ನು ತೆಗೆದು, ನನ್ನ ಕಡೆ ಒಮ್ಮೆ ನೋಡಿ, 'ಇಲ್ಲ' ಹೊಡೆದುಹಾಕಿ 'ಹೌದು' ಎಂದು ಬರೆದರು. ಕೌಂಟರಿನ ಹೆಂಗಸು ಓದಿ, ಡಾಕ್ಟರ ಪತ್ರ ತನ್ನಿ, ಅಲ್ಲಿಯವರೆಗೆ ಆಗದು ಎಂದಳು.

ಡಾಕ್ಟರು ಬೈದರು, ಹೆಚ್ಚಿನ ಪಾಲು ನನ್ನನ್ನೇ. ಬಿ.ಪಿ. ಮಾತ್ರೆ ನುಂಗಿ ದಿನವಿಡೀ ಖಾಲಿ ಹೊಟ್ಟೆಯಲ್ಲಿ ಇರುವುದುಂಟೇ ಎಂದರು. ಮಾತ್ರೆ ಬದಲಾಯಿತು, ಒಂದು ವರ್ಷ ನೋಡೋಣ ಎಂದದ್ದು ಎರಡಾಯಿತು. ಭಜನೆಯವರಿಗೂ ನಿಜ ಹೇಳಿದೆ. ಒಬ್ಬರೂ ನಗಲಿಲ್ಲ, ಅದಕ್ಕೇ ಹೆಚ್ಚು ನಾಚಿಕೆಯಾಯಿತು.

ಮೊನ್ನೆ ಡಾಕ್ಟರ ಪತ್ರ ಕೈಗೆ ಬಂತು. ಇವತ್ತು ತರಗತಿ. ಇವತ್ತೇ ಏಕಾದಶಿ ಬೇರೆ. ಬೆಳಿಗ್ಗೆ ನಾನು ನೀರಷ್ಟೇ ಕುಡಿದು, ಅವರಿಗೆ ಉಪ್ಪಿಟ್ಟು ಬಡಿಸಿದೆ. "ಇವತ್ತೊಂದು ದಿನ ನಿನ್ ಜೊತೆ ನಿಜವಾಗ್ಲೂ ಉಪವಾಸ ಇರ್ಲೇನೇ?" ಎಂದು ಕೇಳಿದರು. "ಮೊದ್ಲು ತಿನ್ರೀ. ಅಷ್ಟೆತ್ತರ ಹೋಗೋರು ನೀವು" ಎಂದು ಇನ್ನೊಂದು ಸೌಟು ಹಾಕಿದೆ.

ಕಾರು ತಿರುವಿನಲ್ಲಿ ಮರೆಯಾದ ಮೇಲೆ ದೇವರ ಮುಂದೆ ಕೂತೆ. ಏನಾದರೂ ಅಡ್ಡಿ ಬಂದು ಅವರು ಮನೆಗೆ ತಿರುಗಲಿ ಎಂದು ಬೇಡಿಕೊಳ್ಳಬೇಕೆಂದೇ ಕೂತವಳು ನಾನು. ಬಾಯಿಂದ ಬಂದದ್ದು, "ಸ್ವಾಮಿ, ಈ ಸಲವಾದರೂ ಅವರನ್ನು ವಿಮಾನ ಹತ್ತಿಸು" ಎಂದು. ಬೇಡಿಕೊಂಡಾಗಿದೆ. ಇನ್ನು ಅದನ್ನು ಹಿಂದಕ್ಕೆ ತೆಗೆದುಕೊಳ್ಳದೆ, ದೇವರನಾಮದ ಹಾಳೆ ಜೋಡಿಸುತ್ತಾ ಕೂತಿದ್ದೇನೆ.